ಫ್ಲಾರೆನ್ಸ್ ನೈಟಿಂಗೇಲ್ ಎಂಬಾಕೆಯ ದೀರ್ಘ ವ್ಯಾಧಿಯು

ಕೈಯಲ್ಲಿ ದೀಪವನ್ನು ಹಿಡಿದು ರಾತ್ರಿಕಾಲದಲ್ಲಿ ಗಾಯಪಟ್ಟ ಸಿಪಾಯಿಗಳ ಹಾಸಿಗೆಗಳ ನಡುವೆ ನಡೆದಾಡಿದ ಫ್ಲಾರೆನ್ಸ್ ನೈಟಿಂಗೇಲ್ ಎಂಬಾಕೆಯ ಹೆಸರನ್ನು ನಿಮ್ಮಲ್ಲಿ ಕೇಳದವರು ವಿರಳ. ನಮ್ಮ ಮಕ್ಕಳು ಶಾಲೆಯ ಪುಸ್ತಕದಲ್ಲಿ ಆಕೆಯ ಚಿತ್ರವನ್ನು ನೋಡಿರುತ್ತಾರೆ. ಆದರೆ ಆ ದೀಪವನ್ನು ಹಿಡಿದದ್ದು ಎರಡು ವರ್ಷಗಳಿಗೂ ಕಡಿಮೆಯಾದ ಕಾಲವೆಂದೂ, ತರುವಾಯ ಬದುಕಿದ 50ಕ್ಕಿಂತ ಹೆಚ್ಚು ವರ್ಷಗಳಲ್ಲಿ ಬಹುಭಾಗವನ್ನು ಆಕೆಯು ತಾನೇ ರೋಗಿಯಾಗಿ ಕೋಣೆಯೊಳಗೆ ಕಳೆದಳೆಂದೂ ಬಲ್ಲವರು ಸ್ವಲ್ಪ ಮಂದಿಯೇ. ಆ ರೋಗವು ಯಾವದೆಂದು ಆಕೆಯ ಜೀವಮಾನದಲ್ಲಿ ಯಾವ ವೈದ್ಯನೂ ನಿಶ್ಚಯವಾಗಿ ತಿಳಿಸಲಾರದೆ ಹೋದನು. ಆದದರಿಂದ ಈ ಸಾರಿ ನಾವು ದೀಪದ ಕಥೆಯನ್ನು ಬೇಗನೆ ದಾಟಿ, ಹಾಸಿಗೆಯ ಕಥೆಯನ್ನು ಹೇಳಬೇಕೆಂದಿದ್ದೇವೆ.

ಆಕೆಯು 1820ನೇ ಮೇ ತಿಂಗಳ 12ನೇ ದಿನದಲ್ಲಿ ಇಟಲಿ ದೇಶದ ಫ್ಲಾರೆನ್ಸ್ ಪಟ್ಟಣದಲ್ಲಿ ಹುಟ್ಟಿದಳು. ಹುಟ್ಟಿದ ಊರಿನ ಹೆಸರನ್ನೇ ತಂದೆತಾಯಿಗಳು ಇಟ್ಟರು. ಅವರು ಇಂಗ್ಲಂಡಿನ ಧನಿಕರು, ಎರಡು ದೊಡ್ಡ ಮನೆಗಳುಳ್ಳವರು. 16 ವರ್ಷದವಳಾಗಿದ್ದಾಗ ದೇವರು ತನ್ನನ್ನು ಸೇವೆಗೆ ಕರೆದನೆಂದು ಆಕೆಯು ಬರೆದಿಟ್ಟಳು. ಯಾವ ಸೇವೆ ಎಂಬದು ತಿಳಿಯುವದಕ್ಕೆ ಹಲವು ವರ್ಷಗಳಾದವು. ರೋಗಿಗಳ ಆರೈಕೆಯೇ ಅದೆಂದು ತಿಳಿದಾಗ ಮನೆಯವರು ಒಪ್ಪಲಿಲ್ಲ. ಯಾಕಂದರೆ ಆ ಕಾಲದ ಆಸ್ಪತ್ರೆಗಳು ಕೊಳಕಾದ ಸ್ಥಳಗಳಾಗಿದ್ದವು. ದಾದಿಯರಲ್ಲಿ ಅನೇಕರು ಕುಡುಕಿಯರೆಂಬ ಅಪಕೀರ್ತಿಯೂ ಇತ್ತು. ಕಡೆಗೆ 1851ರಲ್ಲಿ ಆಕೆಯು ಜರ್ಮನಿಯ ಕೈಸರ್ಸ್‌ವರ್ಥ್ ಎಂಬಲ್ಲಿ ಪಾದ್ರಿ ಫ್ಲೀಡ್ನರನು ಸ್ಥಾಪಿಸಿದ್ದ ಸೇವಕಿಯರ ಮನೆಯಲ್ಲಿ ಸುಮಾರು ಮೂರು ತಿಂಗಳು ಇದ್ದು ಕಲಿತಳು.

1854ರಲ್ಲಿ ಇಂಗ್ಲಿಷರೂ ಫ್ರೆಂಚರೂ ತುರ್ಕರೂ ಒಂದಾಗಿ ರಷ್ಯದವರ ಮೇಲೆ ಕ್ರಿಮಿಯ ಎಂಬ ಪರ್ಯಾಯ ದ್ವೀಪದಲ್ಲಿ ಯುದ್ಧ ಮಾಡುತ್ತಿರಲಾಗಿ, ಆಕೆಯು 38 ಮಂದಿ ದಾದಿಯರೊಂದಿಗೆ ಹೊರಟು, ನವಂಬರ್ ತಿಂಗಳ ಆರಂಭದಲ್ಲಿ ತುರ್ಕಿಯ ಸ್ಕುಟಾರಿ ಎಂಬಲ್ಲಿರುವ ದಂಡಿನ ಆಸ್ಪತ್ರೆಗೆ ಮುಟ್ಟಿದಳು. ಅಲ್ಲಿ ಗುಂಡೇಟಿನಿಂದ ಸತ್ತವರಿಗಿಂತ ಭೇದಿ, ಜ್ವರ, ಕಾಲರಾಗಳಿಂದ ಸತ್ತವರೇ ಹೆಚ್ಚು. ಕಟ್ಟಡದ ಕೆಳಗೆ ಚರಂಡಿಗಳು ಕಟ್ಟಿಕೊಂಡು ಕೊಳೆಯುತ್ತಿದ್ದವು. 1855ನೇ ಫೆಬ್ರವರಿಯಲ್ಲಿ ಸೇರಿಸಲ್ಪಟ್ಟ ನೂರು ಮಂದಿಯಲ್ಲಿ ಸುಮಾರು 42 ಮಂದಿ ಸತ್ತರು. ಮಾರ್ಚ್ ತಿಂಗಳಲ್ಲಿ ಇಂಗ್ಲಂಡಿನಿಂದ ಶುಚಿತ್ವದ ಅಧಿಕಾರಿಗಳು ಬಂದು ಚರಂಡಿಗಳನ್ನು ತೊಳೆಯಿಸಿ, ಗೋಡೆಗಳಿಗೆ ಸುಣ್ಣ ಬಳಿಸಿ, ಗಾಳಿ ಬರಮಾಡಿದ ಮೇಲೆ ಜೂನ್ ತಿಂಗಳೊಳಗೆ ಅದು ನೂರಕ್ಕೆ ಎರಡಕ್ಕೆ ಇಳಿಯಿತು. ಈ ಲೆಕ್ಕವನ್ನು ಆಕೆಯು ಸಾಯುವ ತನಕ ಮರೆಯಲಿಲ್ಲ.

ಅದೇ ವರುಷದ ಮೇ ತಿಂಗಳಲ್ಲಿ ಆಕೆಯು ಹಡಗನ್ನು ಹತ್ತಿ ಕ್ರಿಮಿಯದ ಬಾಲಕ್ಲಾವ ಬಂದರಿನ ಆಸ್ಪತ್ರೆಗಳನ್ನು ನೋಡಲಿಕ್ಕೆ ಹೋದಳು. ಹೋದ ಕೆಲವು ದಿವಸಗಳಲ್ಲಿಯೇ ಕಠಿಣವಾದ ಜ್ವರವು ಹಿಡಿಯಿತು. ದಂಡಿನವರು ಅದಕ್ಕೆ ಕ್ರಿಮಿಯದ ಜ್ವರವೆಂದು ಹೆಸರಿಟ್ಟಿದ್ದರು. ಆ ಹೆಸರಿನ ಕೆಳಗೆ ಎಷ್ಟು ಬೇರೆ ಬೇರೆ ರೋಗಗಳು ಅಡಗಿದ್ದವೋ ಯಾರಿಗೂ ತಿಳಿಯದು. ಆಕೆಯ ಕೂದಲನ್ನು ಕತ್ತರಿಸಿದರು. ಬದುಕುವಳೆಂಬ ಭರವಸವು ಕೆಲವು ದಿನ ಇರಲಿಲ್ಲ. ಗುಣವಾದ ಮೇಲೆ ವೈದ್ಯರು ಇಂಗ್ಲಂಡಿಗೆ ಹೋಗೆಂದು ಹೇಳಿದರೂ ಒಪ್ಪದೆ, ತಿರಿಗಿ ಸ್ಕುಟಾರಿಗೆ ಬಂದು ಕೆಲಸಕ್ಕೆ ನಿಂತಳು. ಆ ಶರತ್ಕಾಲದಲ್ಲಿ ಸೊಂಟದಿಂದ ಕಾಲಿಗೆ ಇಳಿಯುವ ನೋವು ಹಿಡಿದು ಪುನಃ ಮಲಗಿದಳು. ಯುದ್ಧವು ತೀರಿ, 1856ನೇ ಆಗಸ್ಟ್ ತಿಂಗಳಲ್ಲಿ ಮನೆಗೆ ಬಂದಾಗ ಆಕೆಯು ಬಹಳ ಬಡವಾಗಿದ್ದಳು. ಆದರೂ ವಿಶ್ರಾಂತಿಯನ್ನು ತೆಗೆದುಕೊಳ್ಳದೆ, ದಂಡಿನವರ ಆರೋಗ್ಯದ ವಿಷಯದಲ್ಲಿ ಸರಕಾರವು ವಿಚಾರಣೆ ಮಾಡಬೇಕೆಂದು ಹಗಲಿರುಳು ದುಡಿದಳು.

ಒಂದು ವರುಷ ಹೀಗೆ ನಡೆಯಿತು. 1857ನೇ ಆಗಸ್ಟ್ ತಿಂಗಳಲ್ಲಿ, ತನ್ನ 37ನೇ ವಯಸ್ಸಿನಲ್ಲಿ, ಆಕೆಯು ಕುಸಿದು ಬಿದ್ದಳು. ಎದೆ ಬಡಿದುಕೊಳ್ಳುವದು, ಉಸಿರು ಸಿಕ್ಕಿಕೊಳ್ಳುವದು, ಅನ್ನವನ್ನು ಕಂಡರೆ ಸೇರದಿರುವದು, ನಿದ್ರೆಯಿಲ್ಲದಿರುವದು, ನಾಲ್ಕು ಮಾತಾಡಿದರೆ ನಿತ್ರಾಣವಾಗುವದು, ಮನಸ್ಸು ಕುಗ್ಗುವದು ಈ ಮೊದಲಾದವುಗಳೆಲ್ಲಾ ಒಂದರ ಮೇಲೊಂದು ಬಂದವು. ಮಾಲ್ವರ್ನ್ ಎಂಬ ಊರಿಗೆ ಹೋಗಿ ತಣ್ಣೀರಿನ ಚಿಕಿತ್ಸೆಯನ್ನು ಮಾಡಿಸಿಕೊಂಡಳು. ತಾನು ಬೇಗನೆ ಸಾಯುವೆನೆಂದು ನಂಬಿ, ಸತ್ತ ಮೇಲೆ ನಡೆಯಬೇಕಾದ ಕಾರ್ಯಗಳನ್ನು ಬರೆದಿಟ್ಟಳು. ಸಾಯಲಿಲ್ಲ, ಗುಣವೂ ಆಗಲಿಲ್ಲ. ಕೆಲವು ವಾರ ನೆಟ್ಟಗಾಗುವದು, ತಿರಿಗಿ ಬೀಳುವದು, ಹೀಗೆಯೇ ವರ್ಷಗಳು ಹೋದವು. 1861ನೇ ಇಸವಿಯ ಕಡೆಯಲ್ಲಿ ಎಲ್ಲಕ್ಕಿಂತ ಕಠಿಣವಾದ ಸರದಿ ಬಂದು ಬೆನ್ನೆಲುಬಿಗೆ ಇಳಿಯಿತು. ಅದು ಮೊದಲುಗೊಂಡು ಸುಮಾರು ಆರು ವರುಷ ಆಕೆಯು ನಡೆಯಲಾರದೆ ಹೋದಳು. ಒಂದು ಕೋಣೆಯಿಂದ ಇನ್ನೊಂದಕ್ಕೆ ಹೊತ್ತುಕೊಂಡು ಹೋಗಬೇಕಾಗಿತ್ತು.

ವೈದ್ಯರು ಏನು ಹೇಳಿದರು? ಹೃದಯವು ಹಿಗ್ಗಿದೆ ಎಂದು ಕೆಲವರು. ನರಗಳು ಸೋತಿವೆ ಎಂದು ಕೆಲವರು. ನರಗಳ ಸೋಲು ಎಂಬ ಮಾತು ಆ ಶತಮಾನದಲ್ಲಿ ಬಹಳ ಉಪಯೋಗವಾದ ಮಾತು. ಕಾರಣವನ್ನು ಕಾಣದ ಪಂಡಿತನು ಕಾರಣವನ್ನು ಕಂಡವನ ಹಾಗೆ ಮನೆಗೆ ಹೋಗಬಹುದಾಗಿತ್ತು! ಆಕೆಯು ಕಾಲಗತಿಯಾದ ಮೇಲೆ ಬರೆದವರು ಇನ್ನೂ ಕಠಿಣರಾದರು. 1974ರಲ್ಲಿ ಪಿಕರಿಂಗ್ ಎಂಬ ಪ್ರಖ್ಯಾತ ವೈದ್ಯನು, ಇದು ಮನಸ್ಸಿನಿಂದ ಹುಟ್ಟಿದ ವ್ಯಾಧಿ, ಕೆಲಸಕ್ಕೆ ಬಿಡುವು ದೊರೆಯುವ ಹಾಗೆ ಆಕೆಗೆ ಒದಗಿತು ಎಂದು ಬರೆದನು. 1998ರಲ್ಲಿ ಇನ್ನೊಬ್ಬ ಗ್ರಂಥಕರ್ತನು, ಚರಂಡಿಗಳು ಸರಿಯಾಗುವದಕ್ಕೆ ಮುಂಚೆ ತನ್ನ ಆಸ್ಪತ್ರೆಯಲ್ಲಿ ಸತ್ತವರ ಲೆಕ್ಕವನ್ನು 1857ರಲ್ಲಿ ಕಂಡು ಪಶ್ಚಾತ್ತಾಪದಿಂದ ಕುಸಿದಳೆಂದು ಊಹಿಸಿದನು. ಸುಮ್ಮನೆ ನಟಿಸಿದಳೆಂದವರೂ ಇದ್ದಾರೆ.

ಇವರಿಗೆ ಆಧಾರವೇ ಇಲ್ಲವೆಂದು ನಾವು ಹೇಳೆವು. ತಾಯಿಯೂ ಅಕ್ಕನೂ ಬಂದು ಕಾಡಬಾರದೆಂದು ಆಕೆಯು ರೋಗವನ್ನು ಬಾಗಿಲಿನ ಅಗುಳಿಯ ಹಾಗೆ ಉಪಯೋಗಿಸಿದ್ದುಂಟು. ಮಂತ್ರಿಗಳನ್ನು ಸಹ ಕಾಯಿಸಿದ್ದುಂಟು. ಆದರೆ ರೋಗವನ್ನು ಉಪಯೋಗಿಸುವದು ಬೇರೆ, ರೋಗವನ್ನು ಕಲ್ಪಿಸುವದು ಬೇರೆ. ಆರು ವರುಷ ಬೆನ್ನುನೋವಿನಿಂದ ನಡೆಯಲಾರದವಳನ್ನು ನಟಿ ಎನ್ನುವದಕ್ಕೆ ನಮಗೆ ಮನಸ್ಸು ಬಾರದು. ಇದಲ್ಲದೆ ಆ ಹಾಸಿಗೆಯಿಂದ ನಡೆದ ಕೆಲಸವನ್ನು ನೋಡಿರಿ. ದಂಡಿನ ಆರೋಗ್ಯದ ವಿಷಯವಾಗಿ 800 ಪುಟಗಳಿಗೆ ಮೀರಿದ ಗ್ರಂಥವು 1858ರಲ್ಲಿ ಅಚ್ಚಾಯಿತು. ಲಂಡನಿನ ಸೇಂಟ್ ಥಾಮಸ್ ಆಸ್ಪತ್ರೆಯಲ್ಲಿ ದಾದಿಯರ ಶಾಲೆಯು 1860ರಲ್ಲಿ ತೆರೆಯಿತು. ಹಿಂದೂದೇಶವನ್ನು ಆಕೆಯು ಒಂದು ಸಾರಿಯೂ ಕಾಣಲಿಲ್ಲ. ಆದರೂ ಇಲ್ಲಿಯ ದಂಡಿನ ಪಾಳೆಯಗಳಿಗೆ ಪ್ರಶ್ನೆಗಳನ್ನು ಕಳುಹಿಸಿ, ಬಂದ ಉತ್ತರಗಳ ರಾಶಿಯನ್ನು ಮಲಗಿದಲ್ಲಿಯೇ ಓದಿದಳು. ಇಲ್ಲಿದ್ದ ಇಂಗ್ಲಿಷ್ ಸಿಪಾಯಿಗಳಲ್ಲಿ ವರುಷಕ್ಕೆ ಸಾವಿರಕ್ಕೆ 69 ಮಂದಿ ಸಾಯುತ್ತಾರೆಂದು 1863ರ ವಿಚಾರಣಾಪತ್ರವು ತೋರಿಸಿತು. ಹತ್ತು ವರ್ಷಗಳಲ್ಲಿ ಅದು 18ಕ್ಕೆ ಇಳಿದಿತ್ತು. ನಮ್ಮ ಮೈಸೂರು ಸೀಮೆಯನ್ನೂ ಮದ್ರಾಸಿನ ಸೀಮೆಯನ್ನೂ ಹಾಳುಮಾಡಿದ 1876-78ರ ಬರಗಾಲದ ತರುವಾಯ ರೈತರ ಪರವಾಗಿಯೂ ಕೆರೆಕಾಲಿವೆಗಳ ಪರವಾಗಿಯೂ ಬರೆದಳು.

ಈಗ ನಾವು ಇಂಗ್ಲಂಡಿನ ಆ ಕೋಣೆಯನ್ನು ಬಿಟ್ಟು ಮಧ್ಯಧರಣಿ ಸಮುದ್ರದ ಮಾಲ್ಟಾ ಎಂಬ ಚಿಕ್ಕ ದ್ವೀಪಕ್ಕೆ ಹೋಗಬೇಕು. ಯಾಕಂದರೆ ಈ ರೋಗದ ಬೇರು ಸಿಕ್ಕಿದ್ದು ಅಲ್ಲಿ. ಕ್ರಿಮಿಯದ ಯುದ್ಧದ ಕೆಲವು ವರ್ಷಗಳ ಮೇಲೆ ಮಾರ್ಸ್ಟನ್ ಎಂಬ ದಂಡಿನ ವೈದ್ಯನು, ತಿಂಗಳುಗಟ್ಟಲೆ ಏರಿಳಿಯುವ ಜ್ವರ, ಬೆವರು, ಕೀಲುನೋವು, ಹೇಳಲಾಗದ ಬಳಲಿಕೆ ಇವುಳ್ಳ ಒಂದು ರೋಗವು ಬೇರೆ ಜ್ವರಗಳ ಹಾಗಲ್ಲವೆಂದು ಬರೆದನು. ಅದನ್ನು ಆತನು ತನ್ನ ಮೈಮೇಲೆಯೇ ಅನುಭವಿಸಿದ್ದನು. 1887ರಲ್ಲಿ ಡೇವಿಡ್ ಬ್ರೂಸ್ ಎಂಬವನು ಮಾಲ್ಟಾದಲ್ಲಿ ಆ ಜ್ವರದಿಂದ ಸತ್ತ ಸಿಪಾಯಿಗಳ ಗುಲ್ಮದೊಳಗೆ ಒಂದು ಅತಿ ಸೂಕ್ಷ್ಮವಾದ ರೋಗಾಣುವನ್ನು ಕಂಡುಹಿಡಿದನು. ಅದು ಮನುಷ್ಯರೊಳಗೆ ಹೇಗೆ ಹೊಗುತ್ತದೆ ಎಂಬದು ಮಾತ್ರ ಮತ್ತೂ 18 ವರುಷ ತಿಳಿಯಲಿಲ್ಲ. ಗಾಳಿಯೋ, ನೀರೋ, ಧೂಳೋ, ಸೊಳ್ಳೆಯೋ ಎಂದು ಹುಡುಕಿದರು. 1905ರಲ್ಲಿ ಮಾಲ್ಟಾದವನೇ ಆದ ಜಮ್ಮಿತ್ ಎಂಬ ವೈದ್ಯನು ಮೇಕೆಗಳ ರಕ್ತವನ್ನು ಪರೀಕ್ಷಿಸಿದನು. ಆ ಮೇಕೆಗಳು ಕೊಬ್ಬಿದವು, ಮೇವು ಮೇಯುವವು, ರೋಗದ ಗುರುತೊಂದೂ ಇಲ್ಲದವು. ಅವುಗಳ ರಕ್ತದಲ್ಲಿ ಆ ರೋಗದ ಸಾಕ್ಷಿ ಇತ್ತು. ಹಾಲಿನಲ್ಲಿ ರೋಗಾಣುವೂ ಇತ್ತು! ಬೀದಿಬೀದಿಗೆ ಹೊಡಕೊಂಡು ಬಂದು ಬಾಗಿಲ ಮುಂದೆ ಕರೆದು ಕೊಡುತ್ತಿದ್ದ ಹಸಿ ಹಾಲೇ ರೋಗವನ್ನು ಹಂಚುತ್ತಿತ್ತು. ಅದೇ ವರುಷ ಮಾಲ್ಟಾದಲ್ಲಿ ಕೊಂಡ ಮೇಕೆಗಳನ್ನು ಅಮೇರಿಕಕ್ಕೆ ಒಯ್ದ ಹಡಗಿನಲ್ಲಿ, ಅವುಗಳ ಹಾಲನ್ನು ಕುಡಿದ ನಾವಿಕರಲ್ಲಿ ಹಲವರು ಜ್ವರದಿಂದ ಬಿದ್ದರು. 1906ರಲ್ಲಿ ದಂಡಿನವರಿಗೆ ಮೇಕೆಯ ಹಾಲನ್ನು ನಿಲ್ಲಿಸಲು, ವರುಷಕ್ಕೆ ನೂರಾರು ಮಂದಿಗೆ ಬರುತ್ತಿದ್ದ ಜ್ವರವು ಒಂದೆರಡು ವರ್ಷಗಳೊಳಗೆ ಬೆರಳಿನಿಂದ ಎಣಿಸುವಷ್ಟಕ್ಕೆ ಇಳಿಯಿತು. ಹಾಲನ್ನು ಕಾಯಿಸದೆ ಕುಡಿಯುತ್ತಿದ್ದ ಊರಿನವರಿಗಾದರೋ ಅದು ಬಹುಕಾಲ ಬಿಡಲಿಲ್ಲ.

ಬ್ರೂಸನ ಹೆಸರಿನಿಂದ ಈ ರೋಗಕ್ಕೆ ಬ್ರುಸೆಲ್ಲೋಸಿಸ್ ಎಂದು ಹೆಸರಾಯಿತು. ಇದು ದೂರದೇಶದ ರೋಗವೆಂದು ಯಾರೂ ಎಣಿಸಬಾರದು. ನಮ್ಮ ದನ, ಎಮ್ಮೆ, ಆಡು, ಕುರಿಗಳಲ್ಲಿ ಕಂದು ಹಾಕುವ ರೋಗವೆಂದು ರೈತರು ಬಲ್ಲದ್ದರಲ್ಲಿ ಇದು ಮುಖ್ಯವಾದದ್ದು. ದಿನ ತುಂಬುವ ಮೊದಲು ಕಂದು ಹಾಕಿದ ಪಶುವಿನ ಮಾಸನ್ನು ಬರಿಗೈಯಿಂದ ಎಳೆಯುವದರಿಂದಲೂ, ಈಗ ತಾನೇ ಕರೆದ ನೊರೆಹಾಲು ಬಲಕೊಡುತ್ತದೆಂದು ಹಸಿಯಾಗಿ ಕುಡಿಯುವದರಿಂದಲೂ ಇದು ಮನುಷ್ಯರಿಗೆ ತಗಲುತ್ತದೆ. ಹಾಲನ್ನು ಉಕ್ಕಿ ಬರುವ ಹಾಗೆ ಕಾಯಿಸಿದರೆ ರೋಗಾಣುವು ಸಾಯುತ್ತದೆ. ವಾರಗಟ್ಟಲೆ ಸಂಜೆಯ ಜ್ವರ, ರಾತ್ರಿಯ ಬೆವರು, ಸೊಂಟದ ನೋವು, ಕೈಕಾಲು ಸೋಲುವದು ಇವು ಬಿಡದಿದ್ದರೆ, ಡಾಕ್ಟರರ ಮುಂದೆ ತನ್ನ ಕೊಟ್ಟಿಗೆಯ ಸಮಾಚಾರವನ್ನೂ ಹೇಳಬೇಕು. ಹೇಳದಿದ್ದರೆ ಅವರಿಗೆ ಆ ರಕ್ತಪರೀಕ್ಷೆಯು ನೆನಪಿಗೆ ಬಾರದೆ ಹೋಗಬಹುದು. ಈಗ ಇದಕ್ಕೆ ಔಷಧವುಂಟು; ಎರಡು ಔಷಧಗಳನ್ನು ಜೊತೆಯಾಗಿ ಆರು ವಾರ ಬಿಡದೆ ತೆಗೆದುಕೊಳ್ಳಬೇಕಾಗುತ್ತದೆ. ನಾಲ್ಕರಿಂದ ಎಂಟು ತಿಂಗಳಿನ ಹೆಣ್ಣುಕರುಗಳಿಗೆ ಚುಚ್ಚುವ ಲಸಿಕೆಯೂ ಉಂಟು. 2019ರಿಂದ ಕೇಂದ್ರ ಸರಕಾರದ ಯೋಜನೆಯಲ್ಲಿ ಅದು ಸೇರಿದೆ.

ಹೀಗಿರಲಾಗಿ 1995ರಲ್ಲಿ ಯಂಗ್ ಎಂಬ ವಿದ್ವಾಂಸನು ಬ್ರಿಟನಿನ ವೈದ್ಯರ ಪತ್ರಿಕೆಯಲ್ಲಿ ನೈಟಿಂಗೇಲಳ ರೋಗದ ಗುರುತುಗಳನ್ನು ಒಂದೊಂದಾಗಿ ಜೋಡಿಸಿ ತೋರಿಸಿದನು. 1855ರ ಜ್ವರ, ಆ ಶರತ್ಕಾಲದ ಸೊಂಟದ ನೋವು, 1857ರಿಂದ ಬಂದುಹೋಗುತ್ತಿದ್ದ ಎದೆಬಡಿತ ಮತ್ತು ನಿದ್ರಾಹೀನತೆ, 1861ರ ಬೆನ್ನೆಲುಬಿನ ಬೇನೆ, ಕುಗ್ಗಿದ ಮನಸ್ಸು, ಇವೆಲ್ಲಾ ಬೇರೆ ಬೇರೆ ರೋಗಗಳಲ್ಲ, ಮೈಯಲ್ಲಿ ಬೇರುಬಿಟ್ಟ ಬ್ರುಸೆಲ್ಲೋಸಿಸ್ ಎಂಬ ಒಂದೇ ರೋಗದ ಹೆಜ್ಜೆಗಳಾಗಿರಬೇಕೆಂದು ವಾದಿಸಿದನು. ಇದು ಊಹೆಯೇ ಸರಿ; ಆಕೆಯ ರಕ್ತವನ್ನು ಪರೀಕ್ಷಿಸುವದಕ್ಕೆ ಈಗ ಉಪಾಯವಿಲ್ಲ. ಆದರೂ ನಾವು ಓದಿದ ಊಹೆಗಳಲ್ಲಿ ಇದೇ ಹೆಚ್ಚು ನ್ಯಾಯವಾದದ್ದಾಗಿ ತೋರುತ್ತದೆ. ಆ ರಕ್ತಪರೀಕ್ಷೆಯು ಲೋಕಕ್ಕೆ ದೊರಕಿದ್ದು 1897ರಲ್ಲಿ. ಆಗ ಆಕೆಗೆ 77 ವರುಷ, ಕಠಿಣವಾದ ಕಾಲವು ಕಳೆದುಹೋಗಿತ್ತು.

ಈ ವಾದಕ್ಕೆ ಬಲಕೊಡುವ ಇನ್ನೊಬ್ಬ ಸ್ತ್ರೀಯ ಕಥೆಯನ್ನು ಇಲ್ಲಿ ಹೇಳದಿರಲಾರೆವು. ಅಮೇರಿಕದ ಆಲಿಸ್ ಇವಾನ್ಸ್ ಎಂಬಾಕೆಯು, ದನಗಳು ಕಂದು ಹಾಕುವಂತೆ ಮಾಡುವ ರೋಗಾಣುವೂ ಮಾಲ್ಟಾದ ಮೇಕೆಗಳ ರೋಗಾಣುವೂ ಹತ್ತಿರದ ನೆಂಟರೆಂದೂ, ಹಾಲನ್ನು ಕಾಯಿಸದೆ ಮಾರಬಾರದೆಂದೂ 1918ರಲ್ಲಿ ತೋರಿಸಿದಳು. ಹೆಂಗಸಿನ ಮಾತೆಂದು ಬಹುಜನರು ನಂಬಲಿಲ್ಲ. 1922ರಲ್ಲಿ ಪರೀಕ್ಷೆಯ ಕೆಲಸದಲ್ಲಿರುವಾಗ ಅದೇ ರೋಗವು ಆಕೆಗೆ ತಗಲಿತು. ಬಂದ ವೈದ್ಯರು ನರಗಳ ಸೋಲೆಂದರು! ಬಹುಕಾಲದ ಮೇಲೆ ಆಕೆಯ ಮೈಯೊಳಗಿಂದಲೇ ರೋಗಾಣುವನ್ನು ತೆಗೆದು ಬೆಳೆಸಿ ತೋರಿಸಿದಾಗ ಆ ಮಾತು ನಿಂತಿತು. ಕಾರಣವು ಸಿಕ್ಕಿದ ದಿನ ರೋಗವು ಹೋಗಲಿಲ್ಲ, ಇನ್ನೂ ಹಲವು ವರುಷ ಕಾಡಿತು. ಆದರೆ ಸುಳ್ಳುಗಾರ್ತಿಯೆಂಬ ಹೊರೆಯು ಇಳಿಯಿತು. ನೈಟಿಂಗೇಲಳಿಗೆ ಬದುಕಿರುವಾಗ ಅಷ್ಟೂ ದೊರೆಯಲಿಲ್ಲ.

ವಯಸ್ಸು ಏರಿದಂತೆ ಆಕೆಯ ಬೇನೆಯು ಸಡಿಲವಾಯಿತು. 1868ರಿಂದ ಬೆನ್ನುನೋವು ಕಡಿಮೆಯಾಗುತ್ತಾ ಬಂದು, 60 ವರುಷ ದಾಟಿದ ಮೇಲೆ ಮೈಯಲ್ಲಿ ಮಾಂಸ ತುಂಬಿ, ಮೊದಲಿನ ಕಟುಮಾತು ಹೋಗಿ ಶಾಂತಳಾದಳೆಂದು ಕಂಡವರು ಬರೆದಿದ್ದಾರೆ. ಮುಂದೆ ಕಣ್ಣು ಕಾಣದಾಯಿತು, ನೆನಪೂ ಮಸುಕಾಯಿತು. 1907ರಲ್ಲಿ ಇಂಗ್ಲಂಡಿನ ಅರಸನು ಅದುವರೆಗೆ ಯಾವ ಸ್ತ್ರೀಗೂ ಕೊಡದಿದ್ದ ಆರ್ಡರ್ ಆಫ್ ಮೆರಿಟ್ ಎಂಬ ಬಿರುದನ್ನು ಕೊಟ್ಟಾಗ ಅದು ಏನೆಂಬದು ಆಕೆಗೆ ಸರಿಯಾಗಿ ತಿಳಿಯುವ ಸ್ಥಿತಿಯಿರಲಿಲ್ಲ.

ಆಕೆಯು ಹುಟ್ಟಿದ ಮೇ 12ನೇ ದಿನವನ್ನು ಲೋಕದಲ್ಲೆಲ್ಲಾ ದಾದಿಯರ ದಿನವಾಗಿ ಆಚರಿಸುವದನ್ನು ನೀವು ಬಲ್ಲಿರಿ. ಕಾರಣ ಸಿಕ್ಕದ ದೀರ್ಘ ಬಳಲಿಕೆಯಿಂದ ಕಷ್ಟಪಡುವವರು ಸಹ 1990ರ ದಶಕದಿಂದ ಅದೇ ದಿನವನ್ನು ತಮ್ಮ ದಿನವಾಗಿ ಆರಿಸಿಕೊಂಡಿದ್ದಾರೆ.

1910ನೇ ಆಗಸ್ಟ್ 13ರಂದು, 90 ವರುಷದವಳಾಗಿ, ಆಕೆಯು ಲಂಡನಿನ ತನ್ನ ಮನೆಯಲ್ಲಿ ನಿದ್ರೆಯಲ್ಲಿಯೇ ತೀರಿಕೊಂಡಳು. ಅರಸರನ್ನು ಹೂಳುವ ವೆಸ್ಟ್‌ಮಿನ್‌ಸ್ಟರ್ ದೇವಾಲಯದಲ್ಲಿ ಸ್ಥಳ ಕೊಡುತ್ತೇವೆಂದು ಹೇಳಿದರೂ ಬಂಧುಗಳು ಒಪ್ಪದೆ, ಈಸ್ಟ್ ವೆಲ್ಲೋ ಎಂಬ ಹಳ್ಳಿಯ ಗುಡಿಯ ಅಂಗಳದಲ್ಲಿ ತಂದೆತಾಯಿಗಳ ಬಳಿಯಲ್ಲಿ ಹೂಣಿಟ್ಟರು. ಅಲ್ಲಿಯ ಕಲ್ಲಿನಲ್ಲಿ ಆಕೆಯ ಪೂರ್ಣ ಹೆಸರು ಸಹ ಇಲ್ಲ. ಹೆಸರಿನ ಎರಡು ಮೊದಲಕ್ಷರಗಳೂ, ಹುಟ್ಟಿದ ದಿನವೂ, ಸತ್ತ ದಿನವೂ ಮಾತ್ರ ಕೆತ್ತಲ್ಪಟ್ಟಿವೆ.