ಸರ್ ಥಾಮಸ್ ಮನ್ರೋ: ನಮ್ಮ ಸೀಮೆಯ ಕಂದಾಯ ಇಳಿಸಿದ ಗವರ್ನರ್

ಶತಮಾನೋತ್ಸವದ ಈ ಸ್ಮರಣ ಸಂಚಿಕೆಯಲ್ಲಿ ನಮ್ಮ ಧರ್ಮಸಭೆಗೆ ಸೇರದ ಒಬ್ಬ ಅಧಿಕಾರಿಯನ್ನು ನೆನೆಯುವುದು ಕೆಲವರಿಗೆ ಸೋಜಿಗವೆನಿಸೀತು. ಆದರೆ ಬಳ್ಳಾರಿ, ಸಿರುಗುಪ್ಪ, ಕುರುಗೋಡುಗಳ ಒಕ್ಕಲುಮಕ್ಕಳಾದ ನಾವು ಸರ್ ಥಾಮಸ್ ಮನ್ರೋರವರನ್ನು ಅರಿಯದಿರುವುದು ತರವಲ್ಲ.

ಅವರು 1761ರಲ್ಲಿ ಸ್ಕಾಟ್ಲೆಂಡಿನ ಗ್ಲಾಸ್ಗೋ ನಗರದಲ್ಲಿ ಜನಿಸಿದರು. ತಂದೆ ವರ್ಜೀನಿಯಾ ಹೊಗೆಸೊಪ್ಪಿನ ವರ್ತಕರು. ಅಮೆರಿಕದ ಸ್ವಾತಂತ್ರ್ಯಸಮರದಿಂದ ಆ ವ್ಯಾಪಾರ ಮುಳುಗಿತು. ಮಗ 1780ರಲ್ಲಿ ಕಂಪನಿಯ ಸೇನೆಯ ಕೆಡೆಟ್ ಆಗಿ ಮದರಾಸಿಗೆ ಬಂದಿಳಿದರು. ಹೈದರನ ವಿರುದ್ಧದ ಯುದ್ಧ, ಬಾರಾಮಹಲಿನ ಕಂದಾಯದ ಕೆಲಸ, ಕೆಲಕಾಲ ಕೆನರಾ ಜಿಲ್ಲೆ, ಇವುಗಳ ತರುವಾಯ ನಮ್ಮ ಸೀಮೆಗೆ ಬಂದರು.

1800ರಲ್ಲಿ ನಿಜಾಮನು ಕಂಪನಿಗೆ ಬಿಟ್ಟುಕೊಟ್ಟ ದತ್ತ ಮಂಡಲಕ್ಕೆ ಮನ್ರೋ ಪ್ರಧಾನ ಕಲೆಕ್ಟರರಾದರು. ಸುಮಾರು 80 ಪಾಳೆಯಗಾರರನ್ನು ಅಡಗಿಸಿದರು. ಆ ಕೆಲಸ ಮೃದುವಾಗಿ ನಡೆಯಲಿಲ್ಲವೆಂಬುದನ್ನು ನಾವು ಮರೆಮಾಚಲಾರೆವು. ಅವರು ಮೊದಲಿಗೆ ಕಂಪನಿಯ ಸೇವಕರು. ಅನಂತರ ವರ್ಷಗಟ್ಟಲೆ ಡೇರೆಯಲ್ಲಿ ವಾಸಿಸುತ್ತ, ಊರೂರು ಅಲೆದು, ಹೊಲಹೊಲವನ್ನೂ ಅಳೆಯಿಸಿ, ಮಧ್ಯವರ್ತಿಯಿಲ್ಲದೆ ರೈತನೊಡನೆಯೇ ಕಂದಾಯ ಗೊತ್ತುಪಡಿಸುವ ರೈತವಾರಿ ಪದ್ಧತಿಯನ್ನು ನೆಲೆಗೊಳಿಸಿದರು. ಏಳು ವರ್ಷಗಳಲ್ಲಿ ವಸೂಲಿ ಒಂದೂವರೆ ಪಟ್ಟಾಯಿತು. ಮದರಾಸಿನಲ್ಲಿ ಮೆಚ್ಚುಗೆ ದೊರಕಿತು.

ಮನ್ರೋರವರಿಗೆ ಮಾತ್ರ ಸಮಾಧಾನವಾಗಲಿಲ್ಲ. ಬೆಳೆದ ಬೆಳೆಯಲ್ಲಿ ನೂರಕ್ಕೆ 45ರಷ್ಟು ಸರ್ಕಾರಕ್ಕೆ ಹೋಗುತ್ತಿತ್ತು. ತಾವೇ ನಿಗದಿಪಡಿಸಿದ ದರ ಭಾರವಾಯಿತೆಂದು ಕಂಡು, 1807ರಲ್ಲಿ ಕಾಲುಭಾಗ ಇಳಿಸುವಂತೆ ಸರ್ಕಾರಕ್ಕೆ ಬರೆದರು. ಸರ್ಕಾರ ಒಪ್ಪಲಿಲ್ಲ. ಅವರು ರಜೆಯ ಮೇಲೆ ಸ್ವದೇಶಕ್ಕೆ ತೆರಳಿದ ಮೇಲೆ ಹಳ್ಳಿಗಳನ್ನು ಇಡಿಯಾಗಿ ಗುತ್ತಿಗೆಗೆ ಕೊಡಲಾಯಿತು. ಅನೇಕ ಹಳ್ಳಿಗಳು ಬಡತನಕ್ಕಿಳಿದವು.

1820ರಲ್ಲಿ ಅದೇ ಮನ್ರೋ ಮದರಾಸಿನ ಗವರ್ನರರಾಗಿ ಮರಳಿದರು. ರೈತವಾರಿ ಪದ್ಧತಿ ಮತ್ತೆ ಬಂದಿತು. ಖುಷ್ಕಿ ಹಾಗೂ ತರಿ ಜಮೀನಿಗೆ ಕಾಲುಭಾಗ, ತೋಟದ ಜಮೀನಿಗೆ ಮೂರನೆಯ ಒಂದು ಭಾಗ ಕಂದಾಯ ಇಳಿಯಿತು. ಹದಿಮೂರು ವರ್ಷ ತಡವಾಗಿ! ಶುಭಸಂದೇಶದ ಜಕ್ಕಾಯನು ಅನ್ಯಾಯವಾಗಿ ಪಡೆದುದನ್ನು ನಾಲ್ಕರಷ್ಟು ಹಿಂದಿರುಗಿಸಲು ಮುಂದಾದನು. ಮನ್ರೋ ವಸೂಲಾದುದನ್ನು ಹಿಂದಿರುಗಿಸಲಿಲ್ಲ, ದರವನ್ನು ಇಳಿಸಿದರು, ಅಷ್ಟೆ. ಆದರೂ ಸ್ವಂತ ಲೆಕ್ಕವನ್ನು ತಾವೇ ತಿದ್ದುವ ಅಧಿಕಾರಿಗಳು ವಿರಳವೆಂದೇ ನಮ್ಮ ಅಭಿಪ್ರಾಯ.

1822ರಲ್ಲಿ ಅವರು ನಾಡಿನ ಶಾಲೆಗಳ ಎಣಿಕೆಗೆ ಆಜ್ಞಾಪಿಸಿದರು. ಬಳ್ಳಾರಿಯ ಕಲೆಕ್ಟರ್ ಕ್ಯಾಂಬೆಲ್ 1823ರಲ್ಲಿ ಕಳುಹಿಸಿದ ವರದಿಯಂತೆ ಜಿಲ್ಲೆಯಲ್ಲಿ 533 ಶಾಲೆಗಳೂ 6,641 ವಿದ್ಯಾರ್ಥಿಗಳೂ ಇದ್ದರು. ಜನರ ಬಡತನದಿಂದ ಶಾಲೆಗಳು ಕ್ಷೀಣಿಸುತ್ತಿವೆಯೆಂದೂ ಕ್ಯಾಂಬೆಲ್ ತಿಳಿಸಿದ್ದರು. ಕಂದಾಯ ಇಳಿದ ಮಾತ್ರಕ್ಕೆ ಹಳ್ಳಿಗಳು ಚೇತರಿಸಿರಲಿಲ್ಲ.

1825ರಲ್ಲಿ ಬ್ಯಾರೊನೆಟ್ ಪದವಿ ಬಂದಿತು. ಮರುವರ್ಷ ಪತ್ನಿ ಅಸ್ವಸ್ಥ ಮಗನೊಡನೆ ಸ್ವದೇಶಕ್ಕೆ ತೆರಳಿದರು. ತಾವೂ ಹೊರಡುವ ಮುನ್ನ ದತ್ತ ಮಂಡಲವನ್ನು ಕಡೆಯ ಬಾರಿ ನೋಡಬೇಕೆಂದು ಮನ್ರೋ ಪ್ರವಾಸ ಕೈಗೊಂಡರು. ದಾರಿಯಲ್ಲಿ ಕಾಲರಾ ತಗುಲಿ, 1827ರ ಜುಲೈ 6ರಂದು ಪತ್ತಿಕೊಂಡದಲ್ಲಿ ನಿಧನರಾದರು.

ಮಂತ್ರಾಲಯದಲ್ಲಿ ಶ್ರೀ ರಾಘವೇಂದ್ರ ಸ್ವಾಮಿಗಳು ಮನ್ರೋರವರಿಗೆ ದರ್ಶನವಿತ್ತರೆಂದು ನಮ್ಮ ಹಿಂದೂ ಸಹೋದರರು ಭಕ್ತಿಯಿಂದ ಹೇಳುತ್ತಾರೆ. ಈ ಭಾಗದಲ್ಲಿ ಮಕ್ಕಳಿಗೆ ಮನ್ರೋಲಪ್ಪ ಎಂದು ಹೆಸರಿಟ್ಟವರೂ ಇದ್ದರು. ಗುತ್ತಿಯಲ್ಲಿ ಹೂಳಲಾದ ಅವರ ದೇಹವನ್ನು 1831ರಲ್ಲಿ ಮದರಾಸಿನ ಕೋಟೆಯೊಳಗಿನ ಸೇಂಟ್ ಮೇರಿ ದೇವಾಲಯಕ್ಕೆ ಸಾಗಿಸಲಾಯಿತು. ಪತ್ತಿಕೊಂಡದಲ್ಲಿ ಅವರ ನೆನಪಿಗೆ ಒಂದು ತೋಪನ್ನು ಬೆಳೆಸಿ, ಬಾವಿಯನ್ನು ತೋಡಿಸಿದರು.