ಹದಿನೆಂಟರ ಹರೆಯದಲ್ಲಿ ಹೆಜ್ಜೆ ಹಾಕಿದ ಮೈಲಾರ ಮಹಾದೇವಪ್ಪ

ಯುವಜನರು ಜವಾಬ್ದಾರಿ ವಹಿಸಿಕೊಳ್ಳಲು ಮುಂದೆ ಬರುವುದಿಲ್ಲ ಎಂಬ ಮಾತನ್ನು ನಮ್ಮ ಸಭೆಗಳಲ್ಲಿ ನಾವು ಆಗಾಗ ಕೇಳುತ್ತೇವೆ. ಹಿರಿಯರು ಅವಕಾಶ ಕೊಡುವುದಿಲ್ಲ ಎಂದು ಯುವಜನರೂ ಹೇಳುತ್ತಾರೆ. ಎರಡೂ ಮಾತುಗಳಲ್ಲಿ ಸತ್ಯಾಂಶ ಇಲ್ಲದಿಲ್ಲ. ಹೀಗಿರುವಾಗ, ಯಾರೂ ಕರೆದು ಹುದ್ದೆ ಕೊಡದಿದ್ದರೂ ತನ್ನ ಪಾಲಿನ ಕೆಲಸವನ್ನು ತಾನೇ ಕಂಡುಕೊಂಡ ಒಬ್ಬ ಹಳ್ಳಿಯ ಹುಡುಗನ ಬದುಕನ್ನು ನಾವು ನೆನಪು ಮಾಡಿಕೊಳ್ಳುವುದು ಒಳ್ಳೆಯದು. ಅವರೇ ಮೈಲಾರ ಮಹಾದೇವಪ್ಪ.

ಮಹಾದೇವಪ್ಪನವರು 1911ರ ಜೂನ್ 8ರಂದು ಮೋಟೆಬೆನ್ನೂರಿನಲ್ಲಿ ಜನಿಸಿದರು. ತಂದೆ ಮಾರ್ತಂಡಪ್ಪ, ತಾಯಿ ಬಸಮ್ಮ. ಈಗ ಹಾವೇರಿ ಜಿಲ್ಲೆಯ ಬ್ಯಾಡಗಿ ತಾಲೂಕಿಗೆ ಸೇರಿದ ಈ ಊರು ಆಗ ಮುಂಬಯಿ ಪ್ರಾಂತದ ಧಾರವಾಡ ಜಿಲ್ಲೆಯಲ್ಲಿತ್ತು. ತುಂಗಭದ್ರೆಯ ಆಚೆ ದಡದ ಹಡಗಲಿ, ಹಂಪಸಾಗರ, ಹರಪನಹಳ್ಳಿ, ಕೂಡ್ಲಿಗಿ ಸೀಮೆಗಳೆಲ್ಲ ಬಳ್ಳಾರಿ ಜಿಲ್ಲೆಯೊಂದಿಗೆ ಮದ್ರಾಸ್ ಪ್ರಾಂತದಲ್ಲಿದ್ದವು. ನಮ್ಮ ಕರಾವಳಿಯ ದಕ್ಷಿಣ ಕನ್ನಡವೂ ಆ ದಿನಗಳಲ್ಲಿ ಮದ್ರಾಸಿಗೇ ಸೇರಿತ್ತು. ಅಂದರೆ ಹಂಪಸಾಗರದವರಿಗೂ ಮಂಗಳೂರಿನವರಿಗೂ ಸರಕಾರ ಒಂದೇ. ಹೊಳೆಯ ಎರಡು ದಡಗಳಲ್ಲಿ ಒಂದೇ ಮಾತನಾಡುವವರಿಗೆ ಮಾತ್ರ ಎರಡು ಸರಕಾರ! ಹೀಗೆ ಹಂಚಿಹೋಗಿದ್ದ ನಾಡಿನಲ್ಲಿ ಮಹಾದೇವಪ್ಪನವರು ಬೆಳೆದರು.

ಬಡತನದ ಮನೆಯಲ್ಲಿ ಹುಟ್ಟಿದ ಅವರಿಗೆ ಹೆಚ್ಚು ಓದುವ ಭಾಗ್ಯ ದೊರೆಯಲಿಲ್ಲ. ಆದರೆ ಎಳೆಯ ವಯಸ್ಸಿನಲ್ಲೇ ಖಾದಿಯ ಕೆಲಸ ಅವರ ಮನಸ್ಸನ್ನು ಸೆಳೆಯಿತು. ನೂಲುವುದನ್ನು ಕಲಿತರು, ಆ ದಾರಿ ಅವರನ್ನು ಗುಜರಾತಿನ ಸಾಬರಮತಿ ಆಶ್ರಮಕ್ಕೆ ಕರೆದೊಯ್ದಿತು.

1930ರ ಮಾರ್ಚ್ 12ರಂದು ಗಾಂಧೀಜಿಯವರು ಉಪ್ಪಿನ ಕಾನೂನು ಮುರಿಯಲು ಸಾಬರಮತಿಯಿಂದ ದಾಂಡಿಗೆ ಹೊರಟಾಗ ಅವರೊಂದಿಗೆ ಆರಿಸಿದ 78 ಮಂದಿ ಇದ್ದರು. ಆ ಪಟ್ಟಿಯಲ್ಲಿದ್ದ ಕರ್ನಾಟಕದ ಒಂದೇ ಹೆಸರು ಮಹಾದೇವಪ್ಪನವರದು. ವಯಸ್ಸು 18! ಸುಮಾರು 385 ಕಿಲೋಮೀಟರ್ ದಾರಿಯನ್ನು ಕಾಲ್ನಡಿಗೆಯಲ್ಲಿ ಕ್ರಮಿಸಿ, ಏಪ್ರಿಲ್ 5ರಂದು ಅವರು ದಾಂಡಿ ತಲುಪಿದರು. ಮರುದಿನ ಉಪ್ಪಿನ ಕಾನೂನು ಮುರಿಯಿತು. ಅದೇ ತಿಂಗಳ 13ರಂದು ನಮ್ಮ ಕರಾವಳಿಯ ಅಂಕೋಲೆಯಲ್ಲಿ ಎಂ. ಪಿ. ನಾಡಕರ್ಣಿಯವರ ಮುಂದಾಳುತನದಲ್ಲಿ ಉಪ್ಪಿನ ಸತ್ಯಾಗ್ರಹ ನಡೆಯಿತು. ದಾಂಡಿಯಲ್ಲಿ ಹಚ್ಚಿದ ದೀಪ ಎಷ್ಟು ಬೇಗ ನಮ್ಮ ಕಡಲ ತೀರಕ್ಕೆ ಬಂತು ನೋಡಿ.

ಮಹಾದೇವಪ್ಪನವರು ಸೆರೆಮನೆವಾಸವನ್ನೂ ಅನುಭವಿಸಿದರು. ಊರಿಗೆ ಮರಳಿದ ಮೇಲೆ ದಾಂಡಿಗೆ ಹೋಗಿಬಂದ ಹೆಸರಿನಲ್ಲಿ ಹಾರ ತುರಾಯಿ ಹಾಕಿಸಿಕೊಂಡು ಕುಳಿತುಕೊಳ್ಳಬಹುದಿತ್ತು. ಹಾಗೆ ಮಾಡಲಿಲ್ಲ. ಹಾವೇರಿ ಬಳಿಯ ಕೊರಡೂರಿನಲ್ಲಿ ಸೇವಾಶ್ರಮ ಕಟ್ಟಿದರು. ಹಳ್ಳಿಯ ಜನರಿಗೆ ನೂಲುವುದು, ನೇಯುವುದು, ಶುಚಿತ್ವ ಇಂತಹ ದಿನನಿತ್ಯದ ಕೆಲಸಗಳನ್ನು ಕಲಿಸಿದರು. ಪತ್ನಿ ಸಿದ್ದಮ್ಮನವರೂ ಚಳುವಳಿಗೆ ಧುಮುಕಿ ಸೆರೆಮನೆ ಕಂಡವರು. ಹೋರಾಟ ಆ ಮನೆಯಲ್ಲಿ ಗಂಡಸಿನ ಕೆಲಸ ಮಾತ್ರ ಆಗಿರಲಿಲ್ಲ.

1942ರ ಆಗಸ್ಟಿನಲ್ಲಿ ಕ್ವಿಟ್ ಇಂಡಿಯಾ ಚಳುವಳಿ ಆರಂಭವಾಯಿತು. ದೊಡ್ಡ ನಾಯಕರೆಲ್ಲ ಒಂದೇ ದಿನದಲ್ಲಿ ಬಂಧಿತರಾದರು. ಮುಂದೇನು ಎಂದು ಹೇಳುವವರೇ ಇಲ್ಲದ ಆ ಹೊತ್ತಿನಲ್ಲಿ ಮಹಾದೇವಪ್ಪನವರು ಭೂಗತರಾಗಿ ತರುಣರ ತಂಡ ಕಟ್ಟಿದರು. ಸರಕಾರದ ಆಡಳಿತ ನಡೆಯದಂತೆ ಮಾಡುವುದು ಅವರ ಗುರಿಯಾಗಿತ್ತು. ಯಾರ ಪ್ರಾಣಕ್ಕೂ ಕುತ್ತು ತರಬಾರದು ಎಂಬುದು ಅವರ ಪಟ್ಟು ಎಂದು ಆ ಭಾಗದ ಜನ ಹೇಳುತ್ತಾರೆ. ಆದರೂ ಸೊತ್ತು ನಾಶ ಮಾಡುವುದು ಅಹಿಂಸೆಗೆ ಒಪ್ಪುವುದೇ ಎಂಬ ಪ್ರಶ್ನೆ ಅಂದೂ ಇತ್ತು, ಇಂದೂ ಇದೆ. ಗಾಂಧೀಜಿಯವರೊಂದಿಗೆ ನಡೆದ ಹುಡುಗನೇ ಈ ದಾರಿ ಹಿಡಿದದ್ದನ್ನು ನಾವು ಮರೆಮಾಚಬೇಕಾಗಿಲ್ಲ. ತಾನು ಹಿಡಿದ ದಾರಿಯ ಹೊಣೆಯನ್ನು ಅವರು ಬೇರೆಯವರ ಹೆಗಲಿಗೆ ಜಾರಿಸಲಿಲ್ಲ ಎಂಬುದನ್ನೂ ಮರೆಯಬಾರದು.

1943ರ ಏಪ್ರಿಲ್ 1. ವರದಾ ನದಿಯ ದಡದ ಹೊಸರಿತ್ತಿ. ರೈತರಿಂದ ವಸೂಲು ಮಾಡಿದ ಕಂದಾಯದ ಹಣವನ್ನು ಅಲ್ಲಿಯ ವೀರಭದ್ರ ದೇವಸ್ಥಾನದಲ್ಲಿ ಕಾವಲಿಟ್ಟು ಇರಿಸಲಾಗಿತ್ತು. ಅದನ್ನು ವಶಪಡಿಸಿಕೊಳ್ಳಲು ಮಹಾದೇವಪ್ಪನವರ ತಂಡ ಹೋಯಿತು. ಪೋಲಿಸರ ಗುಂಡಿಗೆ ಮಹಾದೇವಪ್ಪ, ತಿರಕಪ್ಪ ಮಡಿವಾಳರ ಹಾಗೂ ವೀರಯ್ಯ ಹಿರೇಮಠ ಈ ಮೂವರು ಬಲಿಯಾದರು. ಬೇರೆ ಬೇರೆ ಜಾತಿಗಳ ಈ ಗೆಳೆಯರು ಒಂದೇ ಕಡೆ ಪ್ರಾಣ ಬಿಟ್ಟರು. ಮಹಾದೇವಪ್ಪನವರಿಗೆ ಆಗ ಇನ್ನೂ 32 ತುಂಬಿರಲಿಲ್ಲ. ತಂಡವನ್ನು ಕಳುಹಿಸಿ ತಾನು ಹಿಂದೆ ಉಳಿಯುವ ನಾಯಕ ಅವರಾಗಿರಲಿಲ್ಲ.

ಇಂದು ಹಾವೇರಿಯ ರೈಲು ನಿಲ್ದಾಣ ಅವರ ಹೆಸರು ಹೊತ್ತಿದೆ. ಅಲ್ಲಿ ವೀರಸೌಧವೂ ಇದೆ. 2018ರಲ್ಲಿ ಅಂಚೆ ಇಲಾಖೆ ಅವರ ಅಂಚೆಚೀಟಿ ಹೊರತಂದಿತು. ಹೊಸರಿತ್ತಿಯ ವರದೆ ಮುಂದೆ ಹರಿದು ತುಂಗಭದ್ರೆಯನ್ನು ಸೇರುತ್ತಾಳೆ. ಆ ನೀರೇ ಹಡಗಲಿ ಸೀಮೆಯನ್ನು ಹಾದು ಕೆಳಗೆ ಹೋಗುತ್ತದೆ. ಅಂದು ಪ್ರಾಂತಗಳ ಗಡಿಯಾಗಿದ್ದ ಹೊಳೆಯ ಎರಡು ದಡಗಳೂ 1956ರಿಂದ ಒಂದೇ ರಾಜ್ಯದಲ್ಲಿವೆ, ನಮ್ಮ ಕರಾವಳಿಯೂ ಅದರೊಳಗಿದೆ.

ಪ್ರಿಯ ಯುವಜನರೇ, ದಾಂಡಿಗೆ ನಡೆಯುವ ಅವಕಾಶ ನಮಗೆ ಯಾರಿಗೂ ಸಿಗುವುದಿಲ್ಲ. ಆದರೆ ಕೊರಡೂರಿನ ಕೆಲಸ ನಮ್ಮ ಪ್ರತಿಯೊಂದು ಊರಿನಲ್ಲಿಯೂ ಇದೆ. ಶಾಲೆ ಬಿಟ್ಟ ನೆರೆಮನೆಯ ಮಗು, ಒಂಟಿಯಾಗಿರುವ ಅಜ್ಜಿ, ಕೊಳೆತು ನಾರುವ ಚರಂಡಿ, ಅರ್ಜಿ ಬರೆಯಲು ತಿಳಿಯದ ಕೂಲಿಯವರು. ಇವರ ಬಳಿಗೆ ಹೋಗಲು ಸಂಘದ ಅಧ್ಯಕ್ಷರಾಗಬೇಕೆಂದಿಲ್ಲ. ಇನ್ನು ಹಿರಿಯರಾದ ನಾವು, 18ರ ಹುಡುಗನನ್ನು ನಂಬಿ ಜೊತೆಗೆ ಕರೆದುಕೊಂಡು ಹೋದ 60ರ ಆ ಮುದುಕನನ್ನೂ ನೆನೆಯೋಣ. ನಮ್ಮ ಮುಂದಿನ ಸಭೆಯಲ್ಲಿ ಕೊನೆಯ ಸಾಲಿನಲ್ಲಿ ಸುಮ್ಮನೆ ಕುಳಿತ ಹುಡುಗ ಹುಡುಗಿಯರಿಗೆ ಒಂದು ಕೆಲಸ ವಹಿಸಿ ನೋಡೋಣ.