ಕಾರ್ಪೆಟ್ ಸಾಹೇಬರು ಊರು ಹುಡುಕಿದ್ದು

ನೌಕರಿ ಮುಗಿಯಿತು, ಪಿಂಚಣಿ ಕೈಗೆ ಬಂತು. ಇನ್ನು ಯಾವ ಊರಿಗೆ ಹೋಗಿ ಕೂರುವುದು? ತಾಲ್ಲೂಕು ಕಚೇರಿ ಎದುರಿನ ಅರಳಿಕಟ್ಟೆಯಲ್ಲಿ ಸಂಜೆ ಸೇರುವ ಹಿರಿಯರಿಗೆ ಇದು ಮುಗಿಯದ ಮಾತು. ಮೈಸೂರು ಒಳ್ಳೆಯದು ಅಂತ ಒಬ್ಬರು, ಮಗ ಇರುವ ಬೆಂಗಳೂರೇ ವಾಸಿ ಅಂತ ಇನ್ನೊಬ್ಬರು, ಹುಟ್ಟೂರು ಬಿಟ್ಟರೆ ನಿದ್ದೆ ಬರುವುದೇ ಇಲ್ಲ ಅಂತ ಮತ್ತೊಬ್ಬರು. ಇದೇ ಲೆಕ್ಕವನ್ನು ಎಪ್ಪತ್ತೆರಡನೇ ವಯಸ್ಸಿನಲ್ಲಿ ಹಾಕಿ ಸಮುದ್ರ ದಾಟಿ ಹೋದ ಒಬ್ಬ ಮಹಾಶಯರಿದ್ದರು. ಹೆಸರು ಎಲ್ಲರಿಗೂ ಗೊತ್ತಿದ್ದದ್ದೇ: ಜಿಮ್ ಕಾರ್ಬೆಟ್.

ಅವರ ನರಭಕ್ಷಕ ಹುಲಿಗಳ ಕಥೆಗಳು ಕನ್ನಡದ ಓದುಗರಿಗೆ ಹೊಸವಲ್ಲ. 1907ರಲ್ಲಿ ಹೊಡೆದ ಚಂಪಾವತದ ಹೆಣ್ಣುಹುಲಿ 436 ಜನರನ್ನು ತಿಂದಿತ್ತು ಅಂತ ಲೆಕ್ಕ. ರುದ್ರಪ್ರಯಾಗದ ಚಿರತೆ ಬದರಿ, ಕೇದಾರದ ಯಾತ್ರಿಕರ ನಿದ್ದೆ ಕೆಡಿಸಿತ್ತು. ಅದನ್ನು ಕೆಡವಿದ್ದು 1926ರಲ್ಲಿ. ಕುಮಾಂವ್ ಬೆಟ್ಟದ ಜನ ಕಾರ್ಬೆಟ್ ಅನ್ನಲು ಬಾರದೆ ಕಾರ್ಪೆಟ್ ಸಾಹೇಬ್ ಅಂತಲೇ ಕರೆದರು. ಕತ್ತಲಲ್ಲಿ ಒಬ್ಬರೇ ಮರದ ಮೇಲೆ ಕೂತು ಚಿರತೆಗೆ ಕಾದ ಈ ಗಟ್ಟಿ ಮನುಷ್ಯ, ಮುಪ್ಪನ್ನು ಎಲ್ಲಿ ಕಳೆಯಬೇಕು ಎಂಬ ಪ್ರಶ್ನೆ ಎದುರಾದಾಗ ಮಾತ್ರ ಅಂಜಿದರು.

ಮನೆ ತೋರಿಸುವ ಮನೆತನ

ಸಾಹೇಬರು ಹುಟ್ಟಿದ್ದು 1875ರ ಜುಲೈ 25ರಂದು, ನೈನಿತಾಲ್‌ನಲ್ಲಿ. ತಂದೆ ಅಲ್ಲಿನ ಪೋಸ್ಟ್ ಮಾಸ್ಟರ್. 1881ರಲ್ಲಿ ಅವರು ತೀರಿಕೊಂಡರು. ಮಕ್ಕಳ ದೊಡ್ಡ ಸಂಸಾರ ತಾಯಿ ಮೇರಿ ಜೇನ್ ತಲೆಯ ಮೇಲೆ ಬಿತ್ತು. ಆಕೆ ಗಟ್ಟಿಗಿತ್ತಿ. ಬೇಸಿಗೆಗೆ ಬೆಟ್ಟ ಹತ್ತಿ ಬರುವ ದೊರೆಗಳಿಗೆ ಬಾಡಿಗೆ ಮನೆ ಗೊತ್ತು ಮಾಡಿಕೊಡುವ ವ್ಯವಹಾರ ಹಿಡಿದರು. ಮುಂದೆ ಮಗನ ಕೈಯೂ ಅದರಲ್ಲಿ ಆಡಿತು. ಊರಿನ ಮುನಿಸಿಪಲ್ ಬೋರ್ಡಿನಲ್ಲೂ ಅವರು ಮೆಂಬರಾಗಿದ್ದರು. ಯಾವ ಮನೆಗೆ ಬಿಸಿಲು ಬೀಳುತ್ತದೆ, ಯಾವ ಗುಡ್ಡ ಕುಸಿಯುತ್ತದೆ ಅಂತ ತಿಳಿದಿದ್ದ ಮನೆತನ ಅದು. ಪರರಿಗೆ ಮನೆ ತೋರಿಸಿದವರು ಕೊನೆಗೆ ತಮಗೇ ಒಂದು ಮನೆ ಹುಡುಕಬೇಕಾಗಿ ಬಂತು!

ಅವರ ಮನೆ ಎರಡು ಕಡೆ ಇತ್ತು. ಬೇಸಿಗೆಗೆ ಆರು ಸಾವಿರ ಅಡಿಗೂ ಎತ್ತರದ ನೈನಿತಾಲ್. ಚಳಿಗಾಲಕ್ಕೆ ಬೆಟ್ಟದ ಬುಡದ ಕಾಲಾಢುಂಗಿ, ಬೆಚ್ಚನೆಯ ಜಾಗ. ಮಧ್ಯೆ ಇಪ್ಪತ್ತು ವರ್ಷಕ್ಕೂ ಹೆಚ್ಚು ಕಾಲ ಬಿಹಾರದ ಮೊಕಾಮಾ ಘಾಟ್‌ನಲ್ಲಿ ರೈಲ್ವೆ ಸರಕು ಸಾಗಿಸುವ ಗುತ್ತಿಗೆ, ಕೂಲಿಗಳ ಜೊತೆಗಿನ ಬದುಕು. ಕಾಲಾಢುಂಗಿಯ ಹತ್ತಿರ ಛೋಟಿ ಹಲ್ದ್ವಾನಿ ಎಂಬ ಪಾಳುಬಿದ್ದ ಹಳ್ಳಿಯನ್ನು ಕೊಂಡು, ರೈತರನ್ನು ಕರೆತಂದು ಕೂರಿಸಿದರು. ಕಾಡುಹಂದಿ ಬೆಳೆಗೆ ನುಗ್ಗದಂತೆ ಊರ ಸುತ್ತ ಕಲ್ಲಿನ ಗೋಡೆ ಹಾಕಿಸಿದರು. ಮದುವೆ ಆಗಲಿಲ್ಲ. ಮನೆಯಲ್ಲಿ ಅಕ್ಕ ಮ್ಯಾಗಿ, ಅವರಿಗೂ ಮದುವೆ ಇಲ್ಲ. ಅಕ್ಕ ತಮ್ಮ ಇಬ್ಬರೇ. ಮುಪ್ಪಿಗೆ ಇದಕ್ಕಿಂತ ಒಳ್ಳೆ ಜಾಗ ಬೇಕೇ ಅನ್ನಿಸುತ್ತದೆ.

ಯಾಕೆ ಹೊರಟರು?

1947 ಬಂತು. ದೇಶಕ್ಕೆ ಸ್ವಾತಂತ್ರ್ಯ. ಬಿಳಿಯರ ಆಳ್ವಿಕೆ ಮುಗಿದ ಮೇಲೆ ಇಲ್ಲಿ ತಮಗೆ ಜಾಗ ಇರುತ್ತದೆಯೇ ಎಂಬ ಅಳುಕು ಸಾಹೇಬರ ಮನಸ್ಸಿಗೆ ಹೊಕ್ಕಿತು. ತಾವು ಮೊದಲು ಕಣ್ಣು ಮುಚ್ಚಿದರೆ ಅಕ್ಕನ ಗತಿ ಏನು, ಅಕ್ಕ ಮೊದಲು ಹೋದರೆ ತಮ್ಮ ಗತಿ ಏನು ಎಂಬ ಚಿಂತೆ ಬೇರೆ. ಆರೋಗ್ಯವೂ ಮೊದಲಿನಂತೆ ಇರಲಿಲ್ಲ. ಎರಡನೇ ಮಹಾಯುದ್ಧದಲ್ಲಿ ಸೈನಿಕರಿಗೆ ಕಾಡಿನ ವಿದ್ಯೆ ಹೇಳಿಕೊಡಲು ಹೋಗಿ, ಜ್ವರ ಹಿಡಿದು ಹಣ್ಣಾಗಿದ್ದರು. ಎದೆಗೆ ಶೀತ ಆಗದು.

ಹಾಗಾದರೆ ಎಲ್ಲಿಗೆ? ಇಂಗ್ಲೆಂಡು ಹೆಸರಿಗೆ ಸ್ವದೇಶ, ಆದರೆ ಬಾಳಿ ಬದುಕಿದ ನೆಲವಲ್ಲ. ಮೇಲಾಗಿ ಚಳಿ. ಪೂರ್ವ ಆಫ್ರಿಕಾ ಮಾತ್ರ ಕಂಡ ಜಾಗ. ಟಾಂಗನಿಕಾದಲ್ಲಿ ಸ್ನೇಹಿತ ವಿಂಡಮ್ ಜೊತೆ ಪಾಲಿನಲ್ಲಿ ಎಸ್ಟೇಟ್ ಇಟ್ಟುಕೊಂಡು ಹಿಂದೆ ಹೋಗಿ ಬಂದಿದ್ದರು. ಕೀನ್ಯಾದಲ್ಲಿ ಸಂಬಂಧಿಕರೂ ಇದ್ದರು. ಹವಾ, ಬಂಧುಗಳು, ಭದ್ರತೆ, ಕಣ್ಣಿಗೆ ಕಾಡು: ನಾಲ್ಕೂ ಒಂದೇ ಕಡೆ ಸಿಕ್ಕಿತು ಅಂತ ಲೆಕ್ಕ ಕೂಡಿಸಿದರು.

ನೈನಿತಾಲ್‌ನ ಗರ್ನಿ ಹೌಸ್ ಮಾರಾಟವಾಯಿತು. ಬಂದೂಕುಗಳನ್ನು ಕಾಡಿನೊಳಗೆ ಹೂತು ಬಂದರು ಅಂತಲೂ ಹೇಳುತ್ತಾರೆ. 1947ರ ಡಿಸೆಂಬರ್‌ನಲ್ಲಿ ಅಕ್ಕ ತಮ್ಮ ಬೊಂಬಾಯಿಯಲ್ಲಿ ಹಡಗು ಹತ್ತಿ ಮೊಂಬಾಸಾದಲ್ಲಿ ಇಳಿದರು.

ಸಿಕ್ಕಿದ ಊರು

ಕೊನೆಗೆ ಬೇರೂರಿದ್ದು ನ್ಯೇರಿಯಲ್ಲಿ. ಭೂಮಧ್ಯರೇಖೆಯ ಪಕ್ಕದಲ್ಲೇ ಇರುವ ಊರು, ಆದರೆ ನಮ್ಮ ಮಡಿಕೇರಿಗಿಂತಲೂ ಎತ್ತರ. ಹೀಗಾಗಿ ಸುಡುವ ಸೆಕೆಯೂ ಇಲ್ಲ, ಕೊರೆಯುವ ಚಳಿಯೂ ಇಲ್ಲ. ಎದುರಿಗೆ ಹಿಮ ಹೊತ್ತ ಕೀನ್ಯಾ ಪರ್ವತ, ಹಿಂದೆ ಅಬರ್‌ಡೇರ್ ಕಾಡು. ಅಲ್ಲಿನ ಔಟ್‌ಸ್ಪ್ಯಾನ್ ಹೋಟೆಲಿನ ಆವರಣದ ಪುಟ್ಟ ಮನೆಯಲ್ಲಿ ಬಿಡಾರ. ಆ ಮನೆಗೆ ಪ್ಯಾಕ್ಸ್‌ಟೂ ಅಂತ ಹೆಸರು. ಅದನ್ನು ಕಟ್ಟಿಸಿಕೊಂಡು ಮೊದಲು ಬಂದು ಕೂತವರೂ ಸಾಮಾನ್ಯರಲ್ಲ. ಸ್ಕೌಟ್ ಚಳವಳಿಯ ಬೇಡನ್ ಪೊವೆಲ್! ಎಂಬತ್ತು ದಾಟಿದ ಮೇಲೆ, 1938ರಲ್ಲಿ ಇದೇ ಊರು ಸಾಕು ಅಂತ ಬಂದು ನೆಲೆಸಿದ ಅವರು 1941ರ ಜನವರಿಯಲ್ಲಿ ಅಲ್ಲೇ ಮಣ್ಣಾದರು.

ಜಾಗ ಕೆಟ್ಟದ್ದು ಅನ್ನುವಂತಿಲ್ಲ. ಏಳು ವರ್ಷ ಚಿಲ್ಲರೆ ಸಾಹೇಬರು ಅಲ್ಲಿ ಬಾಳಿದರು. ಹಕ್ಕಿಗಳಿಗೆ ಕಾಳು ಹಾಕಿದರು, ಪುಸ್ತಕ ಬರೆದರು. ಆದರೆ ಬರೆದದ್ದು ಏನು ಅಂತ ನೋಡಬೇಕು. 1952ರ ಮೈ ಇಂಡಿಯಾ ಪುಸ್ತಕದ ತುಂಬ ಕುಮಾಂವ್‌ನ ಬಡವರು, ಮೊಕಾಮಾ ಘಾಟ್‌ನ ಕೂಲಿಗಳು. 1953ರ ಜಂಗಲ್ ಲೋರ್ ಕಾಲಾಢುಂಗಿಯ ಬಾಲ್ಯ. 1954ರಲ್ಲಿ ಮತ್ತೆ ಕುಮಾಂವ್‌ನ ಹುಲಿಗಳು. ಕೂತದ್ದು ಆಫ್ರಿಕಾದಲ್ಲಿ, ಮನಸ್ಸು ಓಡಾಡಿದ್ದು ಹಿಮಾಲಯದ ಬುಡದಲ್ಲಿ. ಆಫ್ರಿಕಾ ಬಗ್ಗೆ ಬರೆದದ್ದು ಕಟ್ಟಕಡೆಯ ಟ್ರೀ ಟಾಪ್ಸ್ ಒಂದೇ, ಅದೂ ತೆಳ್ಳನೆಯದು. ಮರದ ಮೇಲಿನ ಆ ಬಿಡಾರದಲ್ಲಿ 1952ರ ಫೆಬ್ರವರಿಯ ಒಂದು ರಾತ್ರಿ ಎಲಿಜಬೆತ್ ರಾಜಕುಮಾರಿಗೆ ಕಾವಲು ಕೂತವರು ಇದೇ ಸಾಹೇಬರು. ತಂದೆ ತೀರಿಕೊಂಡು ರಾಜಕುಮಾರಿ ರಾಣಿಯಾದದ್ದು ಅದೇ ರಾತ್ರಿ. ಇತ್ತ ಛೋಟಿ ಹಲ್ದ್ವಾನಿಯ ರೈತರ ಕಂದಾಯವನ್ನು ದೂರದಲ್ಲಿದ್ದುಕೊಂಡೇ ಕಟ್ಟುತ್ತಿದ್ದರು. ಊರು ಬಿಟ್ಟವರು ಹಾಗೆ ಕಟ್ಟುತ್ತಾರೆಯೇ?

ಲೆಕ್ಕ ಎಲ್ಲಿ ತಪ್ಪಿತು?

ಭದ್ರತೆ ಬೇಕು ಅಂತ ಹೋದ ನೆಲದಲ್ಲೇ ಬೆಂಕಿ ಎದ್ದಿತು. ಬಿಳಿಯರ ಪಾಲಾದ ತಮ್ಮ ಭೂಮಿಗಾಗಿ ಕಿಕುಯು ಜನ ಬಂಡೆದ್ದರು. ಅದೇ ಮೌ ಮೌ ಹೋರಾಟ. 1952ರ ಅಕ್ಟೋಬರ್‌ನಲ್ಲಿ ತುರ್ತು ಪರಿಸ್ಥಿತಿ ಸಾರಿದರು. ನ್ಯೇರಿ ಸೀಮೆಯೇ ಅದರ ಒಡಲು. ರಾಣಿ ತಂಗಿದ್ದ ಮರದ ಮನೆಯನ್ನು 1954ರಲ್ಲಿ ಸುಟ್ಟು ಹಾಕಿದರು. ಭಾರತದಲ್ಲಿ ಬಂದೀತು ಅಂತ ಅಂಜಿದ್ದ ಗಲಭೆ ಆಫ್ರಿಕಾದಲ್ಲಿ ಬಾಗಿಲ ಮುಂದೆ ಬಂದು ನಿಂತಿತ್ತು.

1955ರ ಏಪ್ರಿಲ್ 19ರಂದು ಹೃದಯಾಘಾತದಿಂದ ಸಾಹೇಬರು ತೀರಿಕೊಂಡರು. ಬೇಡನ್ ಪೊವೆಲ್ ಮಲಗಿದ ಸ್ಮಶಾನದಲ್ಲೇ ಅವರಿಗೂ ಆರಡಿ ಜಾಗ. ಅಕ್ಕ ಒಂಟಿಯಾದರೆ ಎಂಬ ಭಯಕ್ಕೆ ದೇಶ ಬಿಟ್ಟರು, ಕೊನೆಗೆ ಅಕ್ಕ ಪರದೇಶದಲ್ಲೇ ಒಂಟಿಯಾದರು. ಮ್ಯಾಗಿ ತೀರಿಕೊಂಡದ್ದು 1963ರಲ್ಲಿ. ಕೀನ್ಯಾಕ್ಕೆ ಸ್ವಾತಂತ್ರ್ಯ ಬಂದದ್ದೂ ಅದೇ ವರ್ಷ.

ಇತ್ತ ಭಾರತ ಏನು ಮಾಡಿತು? ತಮಗೆ ಜಾಗ ಕೊಟ್ಟೀತೇ ಅಂತ ಸಾಹೇಬರು ಸಂಶಯಪಟ್ಟಿದ್ದ ದೇಶ ಅದು. 1936ರಲ್ಲಿ ಹೇಲಿ ಎಂಬ ಗವರ್ನರ್ ಹೆಸರಿನಲ್ಲಿ ಶುರುವಾದ ಕಾಡಿಗೆ ಸ್ವತಂತ್ರ ಭಾರತದ ಸರಕಾರ ಮೊದಲು ರಾಮಗಂಗಾ ಅಂತ ಹೆಸರಿಟ್ಟು, 1957ರಲ್ಲಿ ಕಾರ್ಬೆಟ್ ಹೆಸರನ್ನೇ ಇಟ್ಟಿತು. ಕಾಲಾಢುಂಗಿಯ ಮನೆ ಇವತ್ತು ಮ್ಯೂಸಿಯಂ. ಛೋಟಿ ಹಲ್ದ್ವಾನಿಯ ಜನ ಈಗಲೂ ಅವರನ್ನು ನಮ್ಮವರು ಅನ್ನುತ್ತಾರೆ.

ಹವಾಮಾನದ ಲೆಕ್ಕ ಸರಿ ಇತ್ತು, ಬಂಧುಗಳ ಲೆಕ್ಕವೂ ಸರಿ. ತಪ್ಪಿದ್ದು ಒಂದೇ: ಅಷ್ಟು ವರ್ಷ ಜೊತೆಗಿದ್ದ ಜನರ ಪ್ರೀತಿಯನ್ನು ಸಾಹೇಬರು ಜಮಾ ಕಡೆ ಬರೆಯಲಿಲ್ಲ. ಅರಳಿಕಟ್ಟೆಯ ಹಿರಿಯರು ಊರಿನ ಪಟ್ಟಿ ಹಿಡಿದು ಕೂತಾಗ ಆ ಕಾಲಂ ಒಂದನ್ನು ಖಾಲಿ ಬಿಡದಿದ್ದರೆ ಸಾಕು.